ಆಸ್ಟ್ರೇಲಿಯಾ ವೀಸಾ: ಉದ್ಯೋಗದಾತರ ಪ್ರಾಯೋಜಕತ್ವವೂ ಬಾಕಿ ಇರುವ ಕಾಯಂ ವಲಸೆ ಅರ್ಜಿಯೂ

ಆಸ್ಟ್ರೇಲಿಯಾ ದೇಶದ ವಲಸೆ ನಿಯಮಗಳು ಕರ್ನಾಟಕದ ವ್ಯಾಪಾರಿಗಳಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ಇಂದು ಮೂರು ಬಗೆಯಲ್ಲಿ ಸಂಬಂಧಪಡುತ್ತವೆ. ತಮ್ಮ ಘಟಕದಲ್ಲಿ ಪಳಗಿದ ಎಂಜಿನಿಯರುಗಳೂ ಕುಶಲಕರ್ಮಿಗಳೂ ಆ ದೇಶಕ್ಕೆ ಹೊರಟಾಗ ಅವರ ಅನುಭವ ಪತ್ರಕ್ಕೆ ಸಹಿ ಹಾಕಬೇಕಾದವರು ಇಲ್ಲಿನ ಮಾಲೀಕರೇ. ಭಾರತ ಮತ್ತು ಆಸ್ಟ್ರೇಲಿಯಾ ನಡುವಿನ ಆರ್ಥಿಕ ಸಹಕಾರ ಹಾಗೂ ವ್ಯಾಪಾರ ಒಪ್ಪಂದವು 2022ರ ಡಿಸೆಂಬರ್ 29ರಂದು ಜಾರಿಗೆ ಬಂದ ತರುವಾಯ ಅಲ್ಲಿ ಮಾರಾಟ ಕಚೇರಿಯನ್ನೋ ಸೇವಾ ಕೇಂದ್ರವನ್ನೋ ತೆರೆಯುವ ಆಲೋಚನೆ ಮಾಡುವ ರಫ್ತುದಾರರು ತಮ್ಮದೇ ನೌಕರನನ್ನು ಅಲ್ಲಿಗೆ ಕಳುಹಿಸಲು ಪ್ರಾಯೋಜಕರಾಗಬೇಕಾಗುತ್ತದೆ. ಮೂರನೆಯದು ಮನೆಯ ಮಾತು. ಮಗನೋ ಮಗಳೋ ಕಾಯಂ ವಾಸದ ವೀಸಾಕ್ಕೆ ಅರ್ಜಿ ಹಾಕಿ ಕಾದು ಕುಳಿತಿರುವ ಮನೆಗಳು ವ್ಯಾಪಾರಸ್ಥರಲ್ಲಿಯೂ ಕಡಿಮೆ ಇಲ್ಲ.

ಈ ಮೂರೂ ಸಂದರ್ಭಗಳಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆ ಒಂದೇ. ಕೌಶಲ ಆಧಾರಿತ ಕಾಯಂ ವೀಸಾದ ಅರ್ಜಿ ಇನ್ನೂ ಇತ್ಯರ್ಥವಾಗಿಲ್ಲ; ಅಷ್ಟರಲ್ಲಿ ಆಸ್ಟ್ರೇಲಿಯಾದ ಉದ್ಯೋಗದಾತರೊಬ್ಬರು ಪ್ರಾಯೋಜಕತ್ವ ನೀಡಿ ಕೂಡಲೇ ಕರೆಸಿಕೊಳ್ಳಲು ಸಿದ್ಧರಿದ್ದಾರೆ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕೆ, ಅಥವಾ ಎರಡನ್ನೂ ಜೊತೆಯಲ್ಲಿ ನಡೆಸಬಹುದೆ? ಎರಡನ್ನೂ ನಡೆಸಬಹುದೆಂಬುದೇ ನೇರವಾದ ಉತ್ತರ. ಅಲ್ಲಿನ ಕಾನೂನು ಇದನ್ನು ತಡೆಯುವುದಿಲ್ಲ. ಒಂದು ಅರ್ಜಿ ಇನ್ನೊಂದನ್ನು ತಾನಾಗಿಯೇ ರದ್ದುಗೊಳಿಸುವುದೂ ಇಲ್ಲ. ಆದರೆ ಯಾವ ವೀಸಾ ಮೊದಲು ಮಂಜೂರಾಗುತ್ತದೆ, ಯಾವುದು ಅನಂತರ ಎಂಬ ಕ್ರಮದ ಮೇಲೆ ಒಂದು ಕುಟುಂಬದ ಕಾಯಂ ವಾಸದ ಹಕ್ಕೇ ನಿಂತಿರುತ್ತದೆ. ಬಹುಮಂದಿ ಗಮನಿಸದೆ ಬಿಡುವ ಅಂಶ ಇದೇ ಆಗಿದೆ.

ಎರಡು ಹಾದಿಗಳ ಸ್ವರೂಪ

ಕೌಶಲ ಆಧಾರಿತ ವಲಸೆಯ ಮುಖ್ಯ ವೀಸಾಗಳು ಮೂರು. 189 ಎಂಬ ಸಂಖ್ಯೆಯದು ಸ್ವತಂತ್ರ ವೀಸಾ. ಇದಕ್ಕೆ ಯಾವ ಉದ್ಯೋಗದಾತರೂ ಬೇಕಿಲ್ಲ, ಯಾವ ರಾಜ್ಯ ಸರ್ಕಾರವೂ ಬೇಕಿಲ್ಲ. 190 ಎಂಬುದು ರಾಜ್ಯ ಸರ್ಕಾರವೊಂದರ ನಾಮನಿರ್ದೇಶನದ ಮೇಲೆ ದೊರೆಯುವ ಕಾಯಂ ವೀಸಾ. 491 ಎಂಬುದು 2019ರ ನವೆಂಬರ್ 16ರಿಂದ ಇರುವ ಪ್ರಾದೇಶಿಕ ವೀಸಾ. ಇದು ಐದು ವರ್ಷಗಳ ತಾತ್ಕಾಲಿಕ ವೀಸಾ ಆಗಿದ್ದು, ಮೂರು ವರ್ಷಗಳ ನಂತರ ನಿಯಮಾನುಸಾರ ಕಾಯಂ ವಾಸಕ್ಕೆ ಅರ್ಜಿ ಸಲ್ಲಿಸಲು ದಾರಿ ಮಾಡಿಕೊಡುತ್ತದೆ. ಮೂರಕ್ಕೂ ವಯಸ್ಸು 45ರೊಳಗಿರಬೇಕು; ವೃತ್ತಿಗೆ ಸಂಬಂಧಿಸಿದ ಸಂಸ್ಥೆಯಿಂದ ಕೌಶಲ ಮೌಲ್ಯಮಾಪನ ಆಗಿರಬೇಕು; ಕನಿಷ್ಠ 65 ಅಂಕ ಇರಬೇಕು. ಎಂಜಿನಿಯರುಗಳ ಮೌಲ್ಯಮಾಪನವನ್ನು ಎಂಜಿನಿಯರ್ಸ್ ಆಸ್ಟ್ರೇಲಿಯಾ ಸಂಸ್ಥೆಯೂ, ಕಂಪ್ಯೂಟರ್ ವೃತ್ತಿಯವರದನ್ನು ಆಸ್ಟ್ರೇಲಿಯನ್ ಕಂಪ್ಯೂಟರ್ ಸೊಸೈಟಿಯೂ ಮಾಡುತ್ತವೆ.

ಉದ್ಯೋಗದಾತರ ಪ್ರಾಯೋಜಕತ್ವದ ತಾತ್ಕಾಲಿಕ ವೀಸಾ ಎಂದರೆ 482. ನಮ್ಮವರಿಗೆ ಹೆಚ್ಚು ಪರಿಚಿತವಾದ ಹಳೆಯ ಹೆಸರು 457. ಅದು 1996ರಲ್ಲಿ ಆರಂಭವಾಗಿ 2018ರ ಮಾರ್ಚ್ 18ರಂದು ಮುಚ್ಚಿತು. ಅದರ ಸ್ಥಾನದಲ್ಲಿ ಬಂದ 482 ವೀಸಾವನ್ನು 2024ರ ಡಿಸೆಂಬರ್ 7ರಂದು ‘ಸ್ಕಿಲ್ಸ್ ಇನ್ ಡಿಮ್ಯಾಂಡ್’ ಎಂಬ ಹೆಸರಿನಲ್ಲಿ ಹೊಸದಾಗಿ ರೂಪಿಸಲಾಯಿತು. ಸಂಖ್ಯೆ ಅದೇ ಉಳಿದಿದೆ, ಒಳಗಿನ ನಿಯಮ ಬದಲಾಗಿದೆ. ಆದ್ದರಿಂದ 457ರ ಕಾಲದಲ್ಲಿ ಹೋಗಿಬಂದ ನೆಂಟರ ಸಲಹೆಯನ್ನು ಈಗ ಯಥಾವತ್ತಾಗಿ ಅನುಸರಿಸುವುದು ಕ್ಷೇಮವಲ್ಲ. ಹೊಸ ವ್ಯವಸ್ಥೆಯಲ್ಲಿ ‘ಕೋರ್ ಸ್ಕಿಲ್ಸ್’ ವಿಭಾಗಕ್ಕೆ ನಿಗದಿತ ವೃತ್ತಿಗಳ ಪಟ್ಟಿಯೊಂದಿದ್ದು, ಆರಂಭದಲ್ಲಿ ಅದರಲ್ಲಿ 456 ವೃತ್ತಿಗಳಿದ್ದವು. ವೀಸಾದ ಅವಧಿ ಗರಿಷ್ಠ ನಾಲ್ಕು ವರ್ಷ. ಕಳೆದ ಐದು ವರ್ಷಗಳಲ್ಲಿ ಕನಿಷ್ಠ ಒಂದು ವರ್ಷದ ಪೂರ್ಣಾವಧಿ ಅನುಭವ ಸಾಕಾಗುತ್ತದೆ.

189ಕ್ಕಿರುವ ವೃತ್ತಿಪಟ್ಟಿಯೂ 482ರ ಪಟ್ಟಿಯೂ ಒಂದೇ ಅಲ್ಲ. ಒಂದರಲ್ಲಿರುವ ವೃತ್ತಿ ಇನ್ನೊಂದರಲ್ಲಿ ಇಲ್ಲದಿರಬಹುದು. ಎರಡನ್ನೂ ಪ್ರತ್ಯೇಕವಾಗಿ ನೋಡಿಯೇ ಮುಂದುವರಿಯಬೇಕು.

‘ಬಾಕಿ ಇದೆ’ ಎಂಬ ಮಾತಿನ ಎರಡು ಅರ್ಥಗಳು

“ಅರ್ಜಿ ಹಾಕಿದ್ದೇವೆ, ಬಾಕಿ ಇದೆ” ಎಂದು ಹೇಳುವವರಲ್ಲಿ ಅನೇಕರು ವಾಸ್ತವವಾಗಿ ಅರ್ಜಿಯನ್ನೇ ಹಾಕಿರುವುದಿಲ್ಲ. 2012ರ ಜುಲೈ 1ರಿಂದ ಜಾರಿಯಲ್ಲಿರುವ ‘ಸ್ಕಿಲ್‌ಸೆಲೆಕ್ಟ್’ ಪದ್ಧತಿಯಲ್ಲಿ ಮೊದಲು ಸಲ್ಲಿಸುವುದು ಆಸಕ್ತಿ ಸೂಚನೆ ಮಾತ್ರ. ಇದಕ್ಕೆ ಶುಲ್ಕವಿಲ್ಲ, ಇದು ಎರಡು ವರ್ಷ ಊರ್ಜಿತವಾಗಿರುತ್ತದೆ, ಮತ್ತು ಕಾನೂನಿನ ದೃಷ್ಟಿಯಲ್ಲಿ ಇದು ವೀಸಾ ಅರ್ಜಿಯೇ ಅಲ್ಲ. ಅಂಕಗಳ ಆಧಾರದ ಮೇಲೆ ಇಲಾಖೆಯಿಂದ ಆಹ್ವಾನ ಬಂದರೆ, ಆ ದಿನದಿಂದ 60 ದಿನಗಳೊಳಗೆ ಶುಲ್ಕ ಕಟ್ಟಿ ಸಲ್ಲಿಸುವುದು ನಿಜವಾದ ಅರ್ಜಿ. 2025ರ ಜುಲೈ 1ರಿಂದ ಜಾರಿಗೆ ಬಂದ ದರದಂತೆ 189ರ ಮುಖ್ಯ ಅರ್ಜಿದಾರರ ಶುಲ್ಕ 4,910 ಡಾಲರ್, 482ರದು 3,210 ಡಾಲರ್. ಈ ಲೇಖನದಲ್ಲಿ ಡಾಲರ್ ಎಂದರೆ ಎಲ್ಲೆಡೆ ಆಸ್ಟ್ರೇಲಿಯಾ ಡಾಲರ್ ಎಂದೇ ತಿಳಿಯತಕ್ಕದ್ದು. ಶುಲ್ಕಗಳು ಸಾಮಾನ್ಯವಾಗಿ ಪ್ರತಿ ಜುಲೈ ತಿಂಗಳಲ್ಲಿ ಏರುತ್ತವೆ. ಆಯಾ ವರ್ಷದ ದರವನ್ನು ಇಲಾಖೆಯ ಪಟ್ಟಿಯಲ್ಲಿ ನೋಡಿಕೊಳ್ಳಬೇಕು.

ಈ ವ್ಯತ್ಯಾಸ ಕೇವಲ ಶಬ್ದದ್ದಲ್ಲ. ಆಸಕ್ತಿ ಸೂಚನೆಯ ಹಂತದಲ್ಲಿರುವವರಿಗೆ ಪ್ರಾಯೋಜಕತ್ವದ ಕೆಲಸ ಒಂದು ಲಾಭವನ್ನು ತರಬಲ್ಲದು. ಆಹ್ವಾನ ಬಂದು ಅರ್ಜಿ ಸಲ್ಲಿಸಿದವರಿಗೆ ಆ ಲಾಭವಿಲ್ಲ. ಏಕೆಂದರೆ ಅಂಕಗಳನ್ನು ಎಣಿಸುವುದು ಆಹ್ವಾನದ ದಿನದ ಸ್ಥಿತಿಗತಿಯ ಮೇಲೆ. ಆ ದಿನದ ನಂತರ ಆಸ್ಟ್ರೇಲಿಯಾದಲ್ಲಿ ಹತ್ತು ವರ್ಷ ದುಡಿದರೂ ಆ ಅರ್ಜಿಯ ಅಂಕ ಒಂದೂ ಹೆಚ್ಚದು.

ಒಂದು ಲೆಕ್ಕವನ್ನು ನೋಡಬಹುದು. ಪೀಣ್ಯದ ಯಂತ್ರಭಾಗ ತಯಾರಿಕಾ ಘಟಕವೊಂದರಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ, 32 ವರ್ಷ ವಯಸ್ಸಿನ, ಪದವೀಧರ ಮೆಕ್ಯಾನಿಕಲ್ ಎಂಜಿನಿಯರ್ ಒಬ್ಬರಿದ್ದಾರೆಂದು ಭಾವಿಸೋಣ. 25ರಿಂದ 32 ವರ್ಷದವರಿಗೆ ವಯಸ್ಸಿನ ಅಂಕ 30, ಪದವಿಗೆ 15, ಹೊರದೇಶದಲ್ಲಿ ಎಂಟು ವರ್ಷ ಅಥವಾ ಹೆಚ್ಚಿನ ಅನುಭವಕ್ಕೆ 15, ಇಂಗ್ಲಿಷ್ ಪರೀಕ್ಷೆಯಲ್ಲಿ ‘ಪ್ರೊಫಿಷಿಯೆಂಟ್’ ಮಟ್ಟಕ್ಕೆ 10. ಒಟ್ಟು 70. ಅವಿವಾಹಿತರಾಗಿದ್ದರೆ, ಅಥವಾ ಪತಿ ಇಲ್ಲವೆ ಪತ್ನಿಗೆ ಅರ್ಹತೆ ಇದ್ದರೆ, ಇನ್ನೂ ಕೆಲವು ಅಂಕಗಳು ಕೂಡಿಕೊಳ್ಳುತ್ತವೆ. ಕನಿಷ್ಠ 65 ಎಂಬುದು 2018ರ ಜುಲೈ 1ರಿಂದ ಇರುವ ಮಿತಿಯಾದರೂ ಆಹ್ವಾನ ಬರಲು ಅದಕ್ಕಿಂತ ಸಾಕಷ್ಟು ಹೆಚ್ಚು ಬೇಕಾಗುವುದೇ ರೂಢಿ. 33 ತುಂಬಿದ ದಿನ ವಯಸ್ಸಿನ ಅಂಕ 25ಕ್ಕೆ ಇಳಿದು ಒಟ್ಟು 65 ಆಗುತ್ತದೆ. ಅಷ್ಟರಲ್ಲಿ 482 ವೀಸಾದ ಮೇಲೆ ಹೋಗಿ ತಮ್ಮ ವೃತ್ತಿಯಲ್ಲಿಯೇ ಒಂದು ವರ್ಷ ಪೂರೈಸಿದ್ದರೆ ಆಸ್ಟ್ರೇಲಿಯಾದ ಅನುಭವಕ್ಕೆ 5 ಅಂಕ ಸೇರಿ ಪುನಃ 70. ಅಂದರೆ ಒಂದು ಕೈಯಿಂದ ಹೋದದ್ದು ಇನ್ನೊಂದು ಕೈಗೆ ಬಂದಂತಾಯಿತು, ಅಷ್ಟೆ. ಅಲ್ಲದೆ ಒಳದೇಶ ಹೊರದೇಶಗಳ ಅನುಭವ ಎರಡೂ ಸೇರಿ 20 ಅಂಕ ಮೀರುವಂತಿಲ್ಲ. ಹೀಗಾಗಿ ಮೇಲಿನ ಎಂಜಿನಿಯರ್ ಅಲ್ಲಿ ಮೂರು ವರ್ಷ ಇದ್ದರೂ ಅನುಭವದ ಬಾಬಿನಲ್ಲಿ ಗಳಿಸುವುದು ಒಟ್ಟು ಐದೇ. ಇಲ್ಲಿ ಮೂರೋ ನಾಲ್ಕೋ ವರ್ಷದ ಅನುಭವವಿರುವ ಕಿರಿಯರಿಗೆ ಪ್ರಾಯೋಜಕತ್ವದ ಹಾದಿ ಅಂಕದ ದೃಷ್ಟಿಯಿಂದ ಹೆಚ್ಚು ಫಲಕಾರಿ. ಹಿರಿಯ ನೌಕರರಿಗೆ ‘ಹೋಗಿ ಅಂಕ ಹೆಚ್ಚಿಸಿಕೊಳ್ಳಿ’ ಎಂದು ಸಲಹೆ ನೀಡುವ ಮಧ್ಯವರ್ತಿಗಳು ಈ ಗಣಿತವನ್ನು ಹೇಳುವುದು ಅಪರೂಪ.

ಆಸಕ್ತಿ ಸೂಚನೆಯಲ್ಲಿ ಹಾಲಿ ನೌಕರಿಯ ಮುಕ್ತಾಯ ದಿನಾಂಕವನ್ನು ಖಾಲಿ ಬಿಟ್ಟರೆ ಕಾಲ ಕಳೆದಂತೆ ಅನುಭವದ ಅಂಕ ತಾನಾಗಿಯೇ ಏರುತ್ತದೆ. ಕೆಲಸ ಬಿಟ್ಟ ಮೇಲೂ ದಿನಾಂಕ ತುಂಬದಿದ್ದರೆ ಇಲ್ಲದ ಅನುಭವಕ್ಕೆ ಅಂಕ ಸೇರಿ, ಅದರ ಮೇಲೆ ಆಹ್ವಾನವೂ ಬಂದು, ಕೊನೆಗೆ ಅರ್ಜಿ ತಿರಸ್ಕೃತವಾಗುತ್ತದೆ. ಇಲ್ಲಿನ ಘಟಕ ಬಿಟ್ಟು ಅಲ್ಲಿನ ಪ್ರಾಯೋಜಕರಲ್ಲಿಗೆ ಹೋಗುವವರು ಆ ದಿನವೇ ಸೂಚನೆಯನ್ನು ತಿದ್ದಬೇಕು.

ಕೊನೆಗೆ ಬಂದ ವೀಸಾವೇ ಉಳಿಯುವುದು

ಈಗ ಮುಖ್ಯ ವಿಷಯ. ಆಸ್ಟ್ರೇಲಿಯಾದ 1958ರ ವಲಸೆ ಅಧಿನಿಯಮದ 82ನೆಯ ಪ್ರಕರಣದಂತೆ, ಒಬ್ಬ ವ್ಯಕ್ತಿಗೆ ಹೊಸದೊಂದು ಪೂರ್ಣ ವೀಸಾ ಜಾರಿಗೆ ಬಂದೊಡನೆ ಅವರ ಬಳಿ ಇದ್ದ ಹಿಂದಿನ ವೀಸಾ ಅಸ್ತಿತ್ವ ಕಳೆದುಕೊಳ್ಳುತ್ತದೆ. ಕಾನೂನು ಇಲ್ಲಿ ಕಾಯಂ, ತಾತ್ಕಾಲಿಕ ಎಂದು ಮೇಲುಕೀಳು ನೋಡುವುದಿಲ್ಲ. ಬೆರಳೆಣಿಕೆಯ ವಿಶೇಷ ವೀಸಾಗಳನ್ನು ಬಿಟ್ಟರೆ, ಒಬ್ಬರಿಗೆ ಒಂದು ಕಾಲಕ್ಕೆ ಒಂದೇ ವೀಸಾ. ಅದೂ ಕೊನೆಯಲ್ಲಿ ಮಂಜೂರಾದದ್ದು.

ಇದರ ಪರಿಣಾಮವನ್ನು ಎರಡು ಕ್ರಮಗಳಲ್ಲಿ ನೋಡಬೇಕು. 482 ಮೊದಲು ಬಂತು, ನೌಕರ ಅಲ್ಲಿ ಹೋಗಿ ಕೆಲಸಕ್ಕೆ ಸೇರಿದರು, ಕೆಲವು ತಿಂಗಳ ಮೇಲೆ 189 ಮಂಜೂರಾಯಿತು. ಆಗ 482 ಕೊನೆಗೊಂಡು ಕಾಯಂ ವೀಸಾ ಉಳಿಯಿತು. ಇದು ಎಲ್ಲರೂ ಬಯಸುವ ಕ್ರಮ. ಇದರಲ್ಲಿ ಯಾವ ನಷ್ಟವೂ ಇಲ್ಲ. ಎರಡನೆಯ ಕ್ರಮದಲ್ಲಿ ಎರಡೂ ಅರ್ಜಿಗಳು ಬಾಕಿ ಇರುವಾಗ ಅನಿರೀಕ್ಷಿತವಾಗಿ 189 ಮೊದಲು ಮಂಜೂರಾಗುತ್ತದೆ. ಮನೆಯಲ್ಲಿ ಸಿಹಿ ಹಂಚುತ್ತಾರೆ. ಉದ್ಯೋಗದಾತರ ಪರವಾಗಿ ಸಲ್ಲಿಸಿದ 482ರ ಅರ್ಜಿಯನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ. ಮೂರು ವಾರದ ನಂತರ ಅದೂ ಮಂಜೂರಾಗುತ್ತದೆ. ಆ ಕ್ಷಣಕ್ಕೆ ಕಾಯಂ ವೀಸಾ ಹೋಯಿತು. ಉಳಿದದ್ದು ಒಬ್ಬ ಉದ್ಯೋಗದಾತರಿಗೆ ಕಟ್ಟಿಹಾಕಿದ ನಾಲ್ಕು ವರ್ಷದ ತಾತ್ಕಾಲಿಕ ವೀಸಾ.

ಇದಕ್ಕೆ ಪರಿಹಾರ ಇಲ್ಲವೇ ಇಲ್ಲವೆಂದಲ್ಲ. ಹಿಂದೆ ಕಾಯಂ ನಿವಾಸಿಯಾಗಿದ್ದವರಿಗೆ ‘ರೆಸಿಡೆಂಟ್ ರಿಟರ್ನ್’ ಎಂಬ ವೀಸಾ ಇದೆ. ಆದರೆ ಅದಕ್ಕೆ ಕಳೆದ ಐದು ವರ್ಷಗಳಲ್ಲಿ ಎರಡು ವರ್ಷ ಕಾಯಂ ನಿವಾಸಿಯಾಗಿಯೋ ನಾಗರಿಕರಾಗಿಯೋ ಅಲ್ಲಿ ವಾಸವಾಗಿರಬೇಕು, ಅಥವಾ ಆ ದೇಶದೊಡನೆ ಗಣನೀಯ ಸಂಬಂಧವಿರುವುದನ್ನು ತೋರಿಸಬೇಕು. ಇನ್ನೂ ವಿಮಾನ ಹತ್ತದ ಕುಟುಂಬಕ್ಕೆ ಇವೆರಡೂ ಕಷ್ಟ. ಮತ್ತೆ ಮೊದಲಿನಿಂದ ಅಂಕ, ಆಹ್ವಾನ, ಶುಲ್ಕ ಎಂದು ಹೊರಡುವ ಹೊತ್ತಿಗೆ ವಯಸ್ಸು ಒಂದು ಮೆಟ್ಟಿಲು ದಾಟಿರುತ್ತದೆ.

ತಪ್ಪಿಸಿಕೊಳ್ಳುವ ಉಪಾಯ ಸರಳವಾದುದು. ಕಾಯಂ ವೀಸಾ ಕೈಗೆ ಬಂದ ದಿನವೇ ಬಾಕಿ ಇರುವ ತಾತ್ಕಾಲಿಕ ಅರ್ಜಿಯನ್ನು ಲಿಖಿತವಾಗಿ ಹಿಂತೆಗೆದುಕೊಳ್ಳಬೇಕು. ಅಧಿನಿಯಮದ 49ನೆಯ ಪ್ರಕರಣವು ತೀರ್ಮಾನಕ್ಕೆ ಮುಂಚೆ ಯಾವಾಗ ಬೇಕಾದರೂ ಹಿಂತೆಗೆಯುವ ಹಕ್ಕನ್ನು ಅರ್ಜಿದಾರರಿಗೆ ನೀಡುತ್ತದೆ. ಇದಕ್ಕೆ 1446ನೆಯ ನಮೂನೆ ಇದೆ. ಕಟ್ಟಿದ ಶುಲ್ಕ ಸಾಮಾನ್ಯವಾಗಿ ಹಿಂದಿರುಗುವುದಿಲ್ಲ. 3,210 ಡಾಲರಿಗಾಗಿ ಮರುಗಿ ಅರ್ಜಿಯನ್ನು ಹಾಗೆಯೇ ಬಿಡುವುದು ಜಾಣತನವಲ್ಲ. ಎರಡೂ ಕಡತಗಳು ಒಂದೇ ಇಲಾಖೆಯಲ್ಲಿರುವುದರಿಂದ ಅಧಿಕಾರಿಗಳೇ ಗಮನಿಸಿ ವಿಚಾರಿಸಬಹುದೆಂಬ ಭರವಸೆಯಲ್ಲಿ ಕೂರುವುದೂ ಸಲ್ಲದು. ಅರ್ಜಿಗಳನ್ನು ನೋಡುವ ಅಧಿಕಾರಿಗಳು ಬೇರೆ ಬೇರೆ, ಕಚೇರಿಗಳೂ ಬೇರೆಯಾಗಿರಬಹುದು.

ಸಂದರ್ಶಕ ವೀಸಾಕ್ಕೂ ಇದೇ ನಿಯಮ ಅನ್ವಯಿಸುತ್ತದೆ ಎಂಬುದನ್ನು ವ್ಯಾಪಾರಿಗಳು ವಿಶೇಷವಾಗಿ ಗಮನಿಸಬೇಕು. ವಸ್ತುಪ್ರದರ್ಶನಕ್ಕೋ ಗ್ರಾಹಕರ ಭೇಟಿಗೋ ಹೋಗಲು ಅವಸರದಲ್ಲಿ ಹಾಕಿದ ಸಂದರ್ಶಕ ವೀಸಾದ ಅರ್ಜಿ, ದೊಡ್ಡ ವೀಸಾ ಬಂದ ನಂತರ ಮಂಜೂರಾದರೆ, ದೊಡ್ಡದನ್ನು ನುಂಗಿಬಿಡುತ್ತದೆ.

ಅರ್ಜಿ ಎಲ್ಲಿಂದ ಹಾಕಿದ್ದು ಎಂಬುದರ ಮಹತ್ವ

189 ಮತ್ತು 190ರ ಅರ್ಜಿಯನ್ನು ಭಾರತದಲ್ಲಿದ್ದುಕೊಂಡೂ ಸಲ್ಲಿಸಬಹುದು, ಆಸ್ಟ್ರೇಲಿಯಾದಲ್ಲಿದ್ದುಕೊಂಡೂ ಸಲ್ಲಿಸಬಹುದು. ಮಂಜೂರಾತಿಗೆ ಎಲ್ಲಿದ್ದರೂ ಅಡ್ಡಿಯಿಲ್ಲ. ಆದರೆ ಅಲ್ಲಿಂದ ಸಲ್ಲಿಸಿದವರಿಗೆ ‘ಬ್ರಿಜಿಂಗ್ ವೀಸಾ’ ಎಂಬ ಮಧ್ಯಂತರ ವೀಸಾದ ಸೌಲಭ್ಯವಿದೆ. 482ರ ಅವಧಿ ಮುಗಿದರೂ ಕಾಯಂ ಅರ್ಜಿಯ ತೀರ್ಮಾನ ಬರುವವರೆಗೆ ಅವರು ಅಲ್ಲಿಯೇ ಕಾನೂನುಬದ್ಧವಾಗಿ ಇರಬಹುದು. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕುಳಿತು ಅರ್ಜಿ ಸಲ್ಲಿಸಿ, ಆಮೇಲೆ 482ರ ಮೇಲೆ ಹೋದವರಿಗೆ ಆ ಅರ್ಜಿಯ ಬಲದಿಂದ ಬ್ರಿಜಿಂಗ್ ವೀಸಾ ದೊರೆಯುವುದಿಲ್ಲ. ಅವರ 189 ಬಾಕಿ ಇರುವಾಗಲೇ 482 ಮುಗಿದರೆ ಬೇರೊಂದು ವೀಸಾ ಪಡೆಯಬೇಕು ಅಥವಾ ದೇಶ ಬಿಡಬೇಕು. ‘ಕಾಯಂ ಅರ್ಜಿ ಇದೆಯಲ್ಲ’ ಎಂಬ ನೆಮ್ಮದಿ ಇಲ್ಲಿ ಕೆಲಸಕ್ಕೆ ಬಾರದು.

482ರ ಮೇಲಿರುವವರು ಪ್ರಾಯೋಜಕರಲ್ಲಿ ಮಾತ್ರ, ನಾಮನಿರ್ದೇಶನಗೊಂಡ ವೃತ್ತಿಯಲ್ಲಿ ಮಾತ್ರ ದುಡಿಯಬೇಕು. ಹೊರದೇಶದಿಂದ ಬಂದವರು ಆಗಮನದ 90 ದಿನಗಳೊಳಗೆ ಕೆಲಸ ಆರಂಭಿಸಬೇಕು. ಕೆಲಸ ತಪ್ಪಿದರೆ 2024ರ ಜುಲೈ 1ರಿಂದ ಒಮ್ಮೆಗೆ 180 ದಿನಗಳವರೆಗೆ, ವೀಸಾದ ಇಡೀ ಅವಧಿಯಲ್ಲಿ ಒಟ್ಟು 365 ದಿನಗಳವರೆಗೆ, ಹೊಸ ಪ್ರಾಯೋಜಕರನ್ನು ಹುಡುಕಲು ಅವಕಾಶವಿದೆ. ಅದಕ್ಕೆ ಮುಂಚೆ ಇದ್ದದ್ದು 60 ದಿನ ಮಾತ್ರ. ಕಾಯಂ ಅರ್ಜಿ ಬಾಕಿ ಇದ್ದವರಿಗೆ ಈ ಸಡಿಲಿಕೆಯಿಂದ ಸಾಕಷ್ಟು ಉಸಿರಾಡಲು ಅನುಕೂಲವಾಗಿದೆ.

ಕುಟುಂಬದ ವಿಷಯದಲ್ಲಿ ಒಂದು ಮಾತು. ಪತ್ನಿ ಮಕ್ಕಳನ್ನು ಎರಡೂ ಅರ್ಜಿಗಳಲ್ಲಿ ಸೇರಿಸಿದ್ದರೆ ಹಿಂತೆಗೆಯುವಾಗಲೂ ಪ್ರತಿಯೊಬ್ಬರ ಹೆಸರಿನಲ್ಲಿ ಹಿಂತೆಗೆಯಬೇಕು. ಮುಖ್ಯ ಅರ್ಜಿದಾರರದನ್ನು ಮಾತ್ರ ತೆಗೆಸಿ ಸುಮ್ಮನಿರಬಾರದು. ಅಲ್ಲಿ ಹುಟ್ಟುವ ಮಗುವಿನ ಪೌರತ್ವವೂ ತಂದೆತಾಯಿಯರ ವೀಸಾವನ್ನು ಅವಲಂಬಿಸುತ್ತದೆ: ಹುಟ್ಟುವ ಹೊತ್ತಿಗೆ ತಂದೆತಾಯಿಯರಲ್ಲಿ ಒಬ್ಬರಾದರೂ ಕಾಯಂ ನಿವಾಸಿಯಾಗಿದ್ದರೆ ಮಗು ಹುಟ್ಟಿನಿಂದಲೇ ಆಸ್ಟ್ರೇಲಿಯಾ ಪ್ರಜೆ, ಇಬ್ಬರೂ 482ರ ಮೇಲಿದ್ದರೆ ಅಲ್ಲ.

ರಾಜ್ಯ ಮತ್ತು ಪ್ರಾದೇಶಿಕ ವೀಸಾಗಳ ತೊಡಕು

ಬಾಕಿ ಇರುವ ಅರ್ಜಿ 190ರದ್ದಾಗಿದ್ದರೆ ನಾಮನಿರ್ದೇಶನ ಮಾಡಿದ ರಾಜ್ಯದಲ್ಲಿ ಎರಡು ವರ್ಷ ನೆಲೆಸುವುದಾಗಿ ಮಾತು ಕೊಟ್ಟಿರುತ್ತಾರೆ. ದಕ್ಷಿಣ ಆಸ್ಟ್ರೇಲಿಯಾದ ನಾಮನಿರ್ದೇಶನ ಪಡೆದು ವಿಕ್ಟೋರಿಯಾದ ಉದ್ಯೋಗದಾತರಲ್ಲಿ ಸೇರಿದರೆ ಮಾತಿಗೂ ನಡತೆಗೂ ಹೊಂದುವುದಿಲ್ಲ.

491ರ ಸಂಗತಿ ಇನ್ನೂ ಗಂಭೀರ. ಈ ವೀಸಾದವರು ನಿಗದಿತ ಪ್ರಾದೇಶಿಕ ಸ್ಥಳಗಳಲ್ಲಿಯೇ ವಾಸಿಸಿ ದುಡಿಯಬೇಕೆಂಬುದು ವೀಸಾದ ಷರತ್ತು. ಸಿಡ್ನಿ, ಮೆಲ್ಬರ್ನ್ ಮತ್ತು ಬ್ರಿಸ್ಬೇನ್ ಮಹಾನಗರಗಳು ಇದರಿಂದ ಹೊರಗೆ. ಪರ್ತ್ ಮತ್ತು ಅಡಿಲೇಡ್ ಒಳಗೆ. ಸಿಡ್ನಿಯ ಉದ್ಯೋಗದಾತರು ಹಣ ಸುರಿದು 482ರ ಮೇಲೆ ಕರೆಸಿಕೊಂಡ ನೌಕರನಿಗೆ ಒಂದು ದಿನ 491 ಮಂಜೂರಾಯಿತೆನ್ನೋಣ. ಮೇಲೆ ಹೇಳಿದ ನಿಯಮದಂತೆ ಆ ಕ್ಷಣವೇ 482 ಕೊನೆಗೊಂಡಿತು. ಈಗ ಅವರು ಸಿಡ್ನಿಯ ಕೆಲಸ ಮುಂದುವರಿಸಿದರೆ ಷರತ್ತು ಭಂಗ, ಬಿಟ್ಟರೆ ಉದ್ಯೋಗದಾತರಿಗೆ ನಷ್ಟ. ಆದ್ದರಿಂದ 491ರ ಅರ್ಜಿ ಬಾಕಿ ಇರುವವರು ಮಹಾನಗರದ ಪ್ರಾಯೋಜಕತ್ವವನ್ನು ಒಪ್ಪುವ ಮುನ್ನ ಯಾವುದನ್ನು ಉಳಿಸಿಕೊಳ್ಳುವುದೆಂದು ನಿರ್ಧರಿಸಿಕೊಳ್ಳುವುದು ಒಳಿತು.

ಪ್ರಾಯೋಜಕ ಸಂಸ್ಥೆಯ ಲೆಕ್ಕಪುಸ್ತಕ

ಅಲ್ಲಿ ಕಚೇರಿ ತೆರೆದ ಅಥವಾ ತೆರೆಯಲಿರುವ ಕರ್ನಾಟಕದ ಸಂಸ್ಥೆಯ ಕಡೆಯಿಂದ ಈಗ ನೋಡಬೇಕು. ಆಸ್ಟ್ರೇಲಿಯಾದಲ್ಲಿ ಇನ್ನೂ ವ್ಯವಹಾರ ಆರಂಭಿಸದ ಹೊರದೇಶದ ಸಂಸ್ಥೆಯೂ, ಅಲ್ಲಿ ವ್ಯವಹಾರ ಸ್ಥಾಪಿಸುವ ಉದ್ದೇಶಕ್ಕಾಗಿ, ಪ್ರಾಯೋಜಕ ಸಂಸ್ಥೆಯೆಂದು ಅನುಮೋದನೆ ಪಡೆಯಬಹುದು. ಅನುಮೋದನೆಯ ಶುಲ್ಕ 420 ಡಾಲರ್, ಅವಧಿ ಐದು ವರ್ಷ. ಪ್ರತಿ ನೌಕರನ ನಾಮನಿರ್ದೇಶನಕ್ಕೆ 330 ಡಾಲರ್. ಇವು ಸಣ್ಣ ಮೊತ್ತಗಳು. ದೊಡ್ಡದು 2018ರ ಆಗಸ್ಟ್ 12ರಿಂದ ಜಾರಿಯಲ್ಲಿರುವ ‘ಸ್ಕಿಲಿಂಗ್ ಆಸ್ಟ್ರೇಲಿಯನ್ಸ್ ಫಂಡ್’ ಎಂಬ ತರಬೇತಿ ನಿಧಿಯ ವಂತಿಗೆ. ವಾರ್ಷಿಕ ವಹಿವಾಟು ಒಂದು ಕೋಟಿ ಡಾಲರಿಗಿಂತ ಕಡಿಮೆ ಇರುವ ಸಂಸ್ಥೆ ವರ್ಷಕ್ಕೆ 1,200 ಡಾಲರಿನಂತೆ, ಅದಕ್ಕೆ ಮೇಲ್ಪಟ್ಟದ್ದು 1,800 ಡಾಲರಿನಂತೆ, ವೀಸಾದ ಪೂರ್ತಿ ಅವಧಿಯ ಹಣವನ್ನು ನಾಮನಿರ್ದೇಶನದ ಸಮಯದಲ್ಲಿಯೇ ಕಟ್ಟಬೇಕು. ನಾಲ್ಕು ವರ್ಷಕ್ಕೆ ಸಣ್ಣ ಸಂಸ್ಥೆಗೂ 4,800 ಡಾಲರ್ ಆಯಿತು. ಇದರ ಜೊತೆಗೆ ಆ ಹುದ್ದೆಗೆ ಸ್ಥಳೀಯರು ದೊರೆಯಲಿಲ್ಲವೆಂದು ತೋರಿಸಲು ಕನಿಷ್ಠ ಎರಡು ಜಾಹೀರಾತುಗಳನ್ನು ತಲಾ 28 ದಿನ ಪ್ರಕಟಿಸಿರಬೇಕು, ಕೆಲವು ವಿನಾಯಿತಿಗಳಿವೆ. ಸಂಬಳ ಅಲ್ಲಿನ ಮಾರುಕಟ್ಟೆ ದರಕ್ಕೆ ಕಡಿಮೆ ಇರಬಾರದು, ಮತ್ತು ಕೋರ್ ಸ್ಕಿಲ್ಸ್ ವಿಭಾಗದ ಕನಿಷ್ಠ ಮಿತಿಗೂ ಕಡಿಮೆ ಇರಬಾರದು. ಆ ಮಿತಿ 2025ರ ಜುಲೈ 1ರಂದು ವರ್ಷಕ್ಕೆ 76,515 ಡಾಲರಿಗೆ ನಿಗದಿಯಾಯಿತು. ಪ್ರತಿ ವರ್ಷ ಅದನ್ನು ಪರಿಷ್ಕರಿಸಲಾಗುತ್ತದೆ.

ಇಷ್ಟೆಲ್ಲ ವೆಚ್ಚ ಮಾಡಿದ ಮೇಲೆ ನೌಕರನ 189 ಆರೇ ತಿಂಗಳಲ್ಲಿ ಮಂಜೂರಾದರೆ ಅವರು ಯಾರಲ್ಲಿ ಬೇಕಾದರೂ ಕೆಲಸ ಮಾಡಲು ಸ್ವತಂತ್ರರು. ವೀಸಾದ ಕಟ್ಟು ಬಿಚ್ಚಿತು. ಇಲ್ಲಿ ನಮ್ಮ ಉದ್ಯಮಿಗಳ ಮನಸ್ಸಿಗೆ ಮೊದಲು ಹೊಳೆಯುವುದು ಬಾಂಡ್. ಇಂತಿಷ್ಟು ವರ್ಷ ಬಿಡುವಂತಿಲ್ಲ, ಬಿಟ್ಟರೆ ಖರ್ಚು ಭರಿಸಿಕೊಡಬೇಕು ಎಂದು ಛಾಪಾ ಕಾಗದದ ಮೇಲೆ ಬರೆಸಿಕೊಳ್ಳುವ ನಮ್ಮ ರೂಢಿ ಅಲ್ಲಿ ನಡೆಯದು. ತರಬೇತಿ ವಂತಿಗೆ, ಪ್ರಾಯೋಜಕತ್ವದ ಮತ್ತು ನಾಮನಿರ್ದೇಶನದ ಶುಲ್ಕ, ನೇಮಕಾತಿಯ ವೆಚ್ಚ, ಅವುಗಳಿಗೆ ಸಂಬಂಧಿಸಿದ ಏಜೆಂಟರ ಶುಲ್ಕ ಇವನ್ನು ನೌಕರನಿಂದ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ವಸೂಲು ಮಾಡುವುದು ನಿಷಿದ್ಧ. ವೀಸಾ ಅರ್ಜಿಯ ಶುಲ್ಕವನ್ನು ಮಾತ್ರ ನೌಕರರೇ ಭರಿಸಬಹುದು. ಪ್ರಾಯೋಜಕತ್ವಕ್ಕೆ ಪ್ರತಿಯಾಗಿ ಹಣ ಕೇಳುವುದೂ ಕೊಡುವುದೂ 2015ರ ಡಿಸೆಂಬರ್‌ನಿಂದ ಕಾನೂನುಬಾಹಿರವಾಗಿದೆ. “ಇಷ್ಟು ಲಕ್ಷ ಕೊಟ್ಟರೆ ಸ್ಪಾನ್ಸರ್ ಮಾಡಿಸುತ್ತೇವೆ” ಎನ್ನುವವರ ಮಾತಿಗೆ ಮರುಳಾದರೆ ಹಣವಷ್ಟೇ ಅಲ್ಲ, ಬಾಕಿ ಇರುವ ಕಾಯಂ ಅರ್ಜಿಯೂ ಅಪಾಯಕ್ಕೆ ಸಿಲುಕುತ್ತದೆ.

ವಂತಿಗೆಯಲ್ಲಿ ಒಂದಷ್ಟು ಮರಳಿ ಬರುವ ಸಂದರ್ಭವಿದೆ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ವೀಸಾ ಪಡೆದ ನೌಕರರು ಮೊದಲ 12 ತಿಂಗಳೊಳಗೆ ಕೆಲಸ ಬಿಟ್ಟರೆ, ಬಳಕೆಯಾಗದ ಪೂರ್ಣ ವರ್ಷಗಳ ವಂತಿಗೆಯನ್ನು ಮರಳಿ ಕೇಳಬಹುದು. ಹದಿಮೂರನೆಯ ತಿಂಗಳು ಬಿಟ್ಟರೆ ಏನೂ ಬಾರದು. ಆದುದರಿಂದ 189ರ ಅರ್ಜಿ ಬಾಕಿ ಇರುವ ನೌಕರನಿಗೆ ನಾಲ್ಕು ವರ್ಷದ ಬದಲು ಎರಡು ವರ್ಷಕ್ಕೆ ನಾಮನಿರ್ದೇಶನ ಮಾಡುವುದನ್ನು ಸಣ್ಣ ಸಂಸ್ಥೆಗಳು ಪರಿಶೀಲಿಸಬಹುದು. ಕೆಲಸ ಮುಗಿದ ಸಂಗತಿಯನ್ನು 28 ದಿನಗಳೊಳಗೆ ಇಲಾಖೆಗೆ ತಿಳಿಸುವುದು ಪ್ರಾಯೋಜಕರ ಹೊಣೆ.

ಬಾಕಿ ಅರ್ಜಿಯ ವಿಷಯವನ್ನು ಉದ್ಯೋಗದಾತರಿಗೆ ಮೊದಲೇ ಹೇಳಬೇಕೆ ಎಂದು ಅರ್ಜಿದಾರರು ಹಿಂಜರಿಯುವುದುಂಟು. ಹೇಳುವುದೇ ಲೇಸು. ಪ್ರಾಯೋಜಕತ್ವದ ಕಾಯಂ ವೀಸಾವಾದ 186ಕ್ಕೆ ಕಳೆದ ಮೂರು ವರ್ಷಗಳಲ್ಲಿ ಎರಡು ವರ್ಷ ಪ್ರಾಯೋಜಕರಲ್ಲಿ ದುಡಿದಿರಬೇಕು, ಮತ್ತು ಆ ಹಂತದಲ್ಲಿ ಸಣ್ಣ ಸಂಸ್ಥೆ ಪುನಃ 3,000 ಡಾಲರ್, ದೊಡ್ಡದು 5,000 ಡಾಲರ್ ವಂತಿಗೆ ತೆರಬೇಕು. ನೌಕರರು ತಮ್ಮದೇ ಅರ್ಜಿಯ ಮೇಲೆ ಕಾಯಂ ವಾಸ ಪಡೆದರೆ ಆ ಹಣ ಉದ್ಯೋಗದಾತರಿಗೆ ಉಳಿಯಿತು. ಹಾಗೆ ನೋಡಿದರೆ ಬಾಕಿ ಅರ್ಜಿ ಉದ್ಯೋಗದಾತರಿಗೆ ಕೇವಲ ಭಯದ ವಿಷಯವಲ್ಲ. 189 ಕೈಗೂಡದಿದ್ದಲ್ಲಿ 186 ಎರಡನೆಯ ದಾರಿಯಾಗಿ ನೌಕರರಿಗೆ ಉಳಿಯುತ್ತದೆ ಎಂಬುದೇ ಎರಡು ಹಾದಿಗಳನ್ನು ಜೊತೆಗೆ ನಡೆಸುವುದರ ದೊಡ್ಡ ಪ್ರಯೋಜನ. ಅದಕ್ಕೂ ಸಾಮಾನ್ಯ ವಯೋಮಿತಿ 45 ಎಂಬುದನ್ನು ಮರೆಯಬಾರದು.

ಇಲ್ಲಿಂದ ಹೋಗುವ ಅನುಭವ ಪತ್ರ

ಕರ್ನಾಟಕದ ಮಾಲೀಕರ ಪಾಲಿನ ಕೆಲಸ ಇದು. ಎರಡು ಅರ್ಜಿಗಳು ನಡೆಯುವಾಗ ಅನುಭವ ಪತ್ರವನ್ನು ಎರಡು ಬಾರಿ ಕೇಳುವುದು ಸಾಮಾನ್ಯ. ಮೊದಲನೆಯದು ಕೌಶಲ ಮೌಲ್ಯಮಾಪನಕ್ಕೆ, ಎರಡನೆಯದು ನಾಮನಿರ್ದೇಶನಕ್ಕೆ. ಮೊದಲ ಪತ್ರದಲ್ಲಿ ‘ಉತ್ಪಾದನಾ ಎಂಜಿನಿಯರ್’ ಎಂದಿದ್ದವರು ಎರಡನೆಯದರಲ್ಲಿ, ಅಲ್ಲಿನ ಹುದ್ದೆಗೆ ಹೊಂದಲೆಂದು, ‘ವಿನ್ಯಾಸ ಎಂಜಿನಿಯರ್’ ಆಗಿಬಿಟ್ಟರೆ ಎರಡೂ ಪತ್ರಗಳು ಒಂದೇ ಇಲಾಖೆಯ ಮುಂದೆ ಬರುತ್ತವೆ. ದಾಖಲೆ ಸುಳ್ಳೆಂದು ಕಂಡುಬಂದಲ್ಲಿ ಅರ್ಜಿ ತಿರಸ್ಕೃತವಾಗಿ ಮೂರು ವರ್ಷ ಬಹುತೇಕ ವೀಸಾಗಳಿಗೆ ಅಡ್ಡಿಯಾಗುತ್ತದೆ. ಗುರುತಿನ ವಿಷಯದಲ್ಲಿ ವಂಚನೆಯಾದರೆ ಹತ್ತು ವರ್ಷ. ಹಳೆಯ ನೌಕರನಿಗೆ ಉಪಕಾರ ಮಾಡಬೇಕೆಂಬ ಒಳ್ಳೆಯ ಮನಸ್ಸಿನಿಂದ ಬರೆದ ಪದನಾಮವೊಂದು ಅವರಿಗೇ ಮುಳುವಾಗಬಹುದು.

ಪತ್ರವು ಸಂಸ್ಥೆಯ ಮುದ್ರಿತ ಕಾಗದದ ಮೇಲೆ ಇರಬೇಕು. ಸೇರಿದ ಮತ್ತು ಬಿಟ್ಟ ದಿನಾಂಕ, ವಾರದ ದುಡಿಮೆಯ ಗಂಟೆಗಳು, ಸಂಬಳ, ವಾಸ್ತವವಾಗಿ ನಿರ್ವಹಿಸಿದ ಕೆಲಸಗಳ ವಿವರ, ಸಹಿ ಮಾಡಿದವರ ಹುದ್ದೆ ಮತ್ತು ದೂರವಾಣಿ ಸಂಖ್ಯೆ ಸ್ಪಷ್ಟವಾಗಿರಬೇಕು. ಇಲಾಖೆಯವರು ದೂರವಾಣಿಯ ಮೂಲಕ ವಿಚಾರಿಸುವ ಸಂಭವವಿರುವುದರಿಂದ ಪತ್ರದ ಪ್ರತಿಯನ್ನು ಕಚೇರಿಯ ಕಡತದಲ್ಲಿ ಇಟ್ಟುಕೊಂಡಿರಬೇಕು, ಮತ್ತು ದೂರವಾಣಿ ಎತ್ತುವವರಿಗೆ ಆ ಕಡತ ಎಲ್ಲಿದೆಯೆಂದು ತಿಳಿದಿರಬೇಕು. ಭವಿಷ್ಯನಿಧಿಯ ಪಟ್ಟಿ, ಫಾರಂ 16 ಮತ್ತು ಬ್ಯಾಂಕ್ ಲೆಕ್ಕ ಈ ಪತ್ರಕ್ಕೆ ಹೊಂದಬೇಕು. ಸಂಬಳದ ಒಂದು ಭಾಗವನ್ನು ನಗದಾಗಿ ನೀಡುವ ಪದ್ಧತಿ ಇದ್ದ ಘಟಕಗಳ ನೌಕರರಿಗೆ ತೊಂದರೆ ಬರುವುದು ಇಲ್ಲಿಯೇ.

ಅರ್ಜಿ ಬಾಕಿ ಇರುವಾಗ ಉದ್ಯೋಗ, ವಿಳಾಸ, ಕುಟುಂಬ ಇವುಗಳಲ್ಲಿ ಆದ ಬದಲಾವಣೆಯನ್ನು ಇಲಾಖೆಗೆ ತಿಳಿಸುವುದು ಅಧಿನಿಯಮದ 104ನೆಯ ಪ್ರಕರಣದಂತೆ ಕಡ್ಡಾಯ. ಪ್ರಾಯೋಜಕರಲ್ಲಿ ಕೆಲಸಕ್ಕೆ ಸೇರಿದ ಮೇಲೆ 189ರ ಕಡತಕ್ಕೆ 1022ನೆಯ ನಮೂನೆಯಲ್ಲಿ ಹೊಸ ಉದ್ಯೋಗ ಮತ್ತು ವಿಳಾಸವನ್ನು ತಿಳಿಸಬೇಕು. ಒಂದು ಕಡತದಲ್ಲಿ ಬೆಂಗಳೂರಿನ ವಿಳಾಸವೂ ಇನ್ನೊಂದರಲ್ಲಿ ಮೆಲ್ಬರ್ನ್‌ನದೂ ವರ್ಷಗಟ್ಟಲೆ ಹಾಗೆಯೇ ಉಳಿದರೆ ಸಂಶಯಕ್ಕೆ ಎಡೆಯಾಗುತ್ತದೆ.

ಆಸ್ಟ್ರೇಲಿಯಾ ಸರ್ಕಾರವು 2015ರಿಂದ ಪಾಸ್‌ಪೋರ್ಟಿನಲ್ಲಿ ವೀಸಾ ಚೀಟಿ ಅಂಟಿಸುವುದನ್ನು ನಿಲ್ಲಿಸಿದೆ. ಯಾವ ವೀಸಾ ಊರ್ಜಿತದಲ್ಲಿದೆ ಎಂಬುದು ಪಾಸ್‌ಪೋರ್ಟನ್ನು ತಿರುವಿ ನೋಡಿದರೆ ತಿಳಿಯುವಂತಿಲ್ಲ. ‘ವೀವೋ’ ಎಂಬ ಇಲಾಖೆಯ ಗಣಕೀಕೃತ ವ್ಯವಸ್ಥೆಯಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಮತ್ತು ಮಂಜೂರಾತಿ ಸಂಖ್ಯೆ ನೀಡಿ ಶುಲ್ಕವಿಲ್ಲದೆ ಪರಿಶೀಲಿಸಬಹುದು. ನೌಕರರ ಒಪ್ಪಿಗೆ ಪಡೆದು ಉದ್ಯೋಗದಾತರೂ ಪರಿಶೀಲಿಸಬಹುದು. ಎರಡು ಅರ್ಜಿ ಹಾಕಿದವರು ಕಾಯಂ ವೀಸಾದ ಮಂಜೂರಾತಿ ಪತ್ರ ಬಂದ ದಿನ ಒಮ್ಮೆ, ಇನ್ನೊಂದು ಅರ್ಜಿ ಹಿಂತೆಗೆದುದಕ್ಕೆ ಇಲಾಖೆಯ ಸ್ವೀಕೃತಿ ಬಂದ ದಿನ ಮತ್ತೊಮ್ಮೆ, ವಿಮಾನದ ಟಿಕೆಟ್ ಖರೀದಿಸುವ ಮುನ್ನ ಇನ್ನೊಮ್ಮೆ, ಕುಟುಂಬದ ಪ್ರತಿ ಸದಸ್ಯರ ಹೆಸರಿನಲ್ಲಿ ಪ್ರತ್ಯೇಕವಾಗಿ ಇದನ್ನು ನೋಡಿ ಮುದ್ರಿಸಿಟ್ಟುಕೊಳ್ಳತಕ್ಕದ್ದು.